ಗಂಟಿಗೆ ಸೇರದ ಬಟ್ಟಲು

ಇಂಚರ ಎಂಬ ನಾಲ್ಕು ವರ್ಷದ ಹುಡುಗಿಯ ಹೆಸರಿನ ಮುಂದೆ ಮೂರನೆಯ ಸಲವೂ ಕೆಂಪು ಗೆರೆ ಬಿದ್ದಾಗ, ವಾರಿಜಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಗೆರೆ ಕೆಂಪಾಗಿಯೇ ಇತ್ತು. ಅದರ ಕೆಳಗೆ ಯಂತ್ರ ಬರೆದಿದ್ದ ಷರಾ ಒಂದೇ: 'ನಿಯಮ ಕಾಣಿಸುತ್ತಿಲ್ಲ.'

ಮೈಸೂರಿನ ಶಿಶುಮತಿ ಕೇಂದ್ರದ ಆ ಕೋಣೆಯ ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಯಾವುದೋ ಊರಿನ ಅಂಗನವಾಡಿ, ಒಂದು ಚಾಪೆ, ಚಾಪೆಯ ಮೇಲೊಂದು ಮಗು, ಮಗುವಿನ ಮುಂದೆ ನಲವತ್ತು ಆಟಿಕೆ. ಹಸು, ನಾಯಿ, ಬಾಚಣಿಗೆ, ಬಾಳೆಹಣ್ಣು, ಬಸ್ಸು, ಬಟ್ಟಲು, ಹೀಗೆ. ಟೀಚರ್ ಒಂದೇ ಮಾತು ಹೇಳಬೇಕು: "ಜೊತೆಗೆ ಇರಬೇಕಾದ್ದನ್ನ ಜೊತೆಗೆ ಇಡು, ಮಗು." ಆಮೇಲೆ ಮಗು ಏನು ಮಾಡುತ್ತದೆಂದು ಚಾಪೆಯೇ ಕಂಡುಕೊಳ್ಳುತ್ತದೆ.

ಶಾಲೆಗಳಿಗೆ ಪಾಠಯಂತ್ರ ಬಂದು ಮೂವತ್ತು ವರ್ಷವಾಗಿತ್ತು. ಮೊದಮೊದಲು ಎಲ್ಲರಿಗೂ ಒಂದು ಸೋಜಿಗ. ಕೆಲವು ಕಡೆಯ ಮಕ್ಕಳು ಯಂತ್ರದ ಪಾಠವನ್ನು ಗಟಗಟನೆ ಕುಡಿದುಬಿಡುತ್ತಿದ್ದರು. ಇನ್ನು ಕೆಲವು ಕಡೆಯ ಮಕ್ಕಳು, ಬುದ್ಧಿಯಲ್ಲಿ ಏನೂ ಕಡಿಮೆಯಿಲ್ಲದವರು, ಅದೇ ಯಂತ್ರದ ಮುಂದೆ ಕಕ್ಕಾಬಿಕ್ಕಿಯಾಗಿ ಕೂರುತ್ತಿದ್ದರು. ಕಾರಣ ಹುಡುಕಿದವರಲ್ಲಿ ಆಗಿನ್ನೂ ತಲೆ ನರೆಯದಿದ್ದ ವಾರಿಜಾ ಒಬ್ಬರು. ಯಂತ್ರಕ್ಕೆ ಹಸು, ನಾಯಿ, ಕುದುರೆ ಒಂದು ಗುಂಪು. ಹಟ್ಟಿಯ ಮಗುವಿಗೆ ಹಸು, ಹುಲ್ಲು, ಹಾಲು ಕರೆಯುವ ಅಜ್ಜಿ ಒಂದು ಗುಂಪು. ಕಡಲ ತೀರದ ಮಗು ಮೀನನ್ನು ಪ್ರಾಣಿಗಳ ಜೊತೆ ಇಡದೆ ಬುಟ್ಟಿಯ ಜೊತೆ ಇಡುತ್ತಿತ್ತು, ಅದರ ಅಮ್ಮ ಮೀನನ್ನು ತರುತ್ತಿದ್ದುದು ಬುಟ್ಟಿಯಲ್ಲಿ. ಮಾತು ಕಲಿಯುವಾಗಲೇ ಮಕ್ಕಳು ಮನೆಯವರ ಕೈಗಳನ್ನು ನೋಡಿ ಲೋಕವನ್ನು ಭಾಗ ಮಾಡಿಕೊಂಡಿರುತ್ತಾರೆ. ಯಂತ್ರ ಒಂದು ಭಾಗದಿಂದ ಮಾತಾಡಿದರೆ ಮಗು ಇನ್ನೊಂದು ಭಾಗದಲ್ಲಿ ಉತ್ತರ ಹುಡುಕುತ್ತದೆ.

ಲಕ್ಷಾಂತರ ಮಕ್ಕಳಿಗೆ ಲಕ್ಷಾಂತರ ಬಗೆಯ ಯಂತ್ರ ಮಾಡುವುದು ಆಗದ ಮಾತು. ಆದ್ದರಿಂದ ಹದಿನೆಂಟು ವರ್ಷದ ಹಿಂದೆ ಕುಲಾವಿ ಬಂತು. ಕೂಸಿಗೆ ಹೊಲಿಯುವ ಕುಲಾವಿಯಂತೆಯೇ ಮೆತ್ತನೆಯ ಬಟ್ಟೆ, ಒಳಗೆ ಕೂದಲಿಗಿಂತ ಸಣ್ಣ ತಂತಿಗಳು. ಯಂತ್ರ ಗುಂಪು ಮಾಡುವ ನಕ್ಷೆಯಂತೆಯೇ ಮಗು ಆಟಿಕೆ ಜೋಡಿಸಿದಾಗ ಮಿದುಳಿನಲ್ಲಿ ಹಿತವನ್ನು ಹುಟ್ಟಿಸುವ ಜಾಗವನ್ನು ಅದು ಒಮ್ಮೆ ತಟ್ಟುತ್ತದೆ, ಅಷ್ಟೆ. ಅಮ್ಮ ಬೆನ್ನು ಸವರಿದಷ್ಟು ಹಿತ. ನೋವಿಲ್ಲ, ಬೆದರಿಕೆಯಿಲ್ಲ. ಹತ್ತು ದಿನ ಕೂತರೆ ಮಗುವಿಗೆ ತನ್ನ ಹಳೆಯ ಜೋಡಣೆ ಸಪ್ಪೆಯಾಗುತ್ತದೆ. ಇದಕ್ಕೆ 'ಹೊಂದಿಕೆ' ಎಂದು ಹೆಸರು. ಹೊಂದಿಕೆ ಬೇಕಾದ ಪ್ರತಿ ಮಗುವಿನ ಕಡತಕ್ಕೂ ವಾರಿಜಾ ಅವರ ಸಹಿ ಬೀಳಬೇಕು. ಅವರು ಒಳ್ಳೆಯ ಮನಸ್ಸಿನಿಂದಲೇ ಸಹಿ ಹಾಕುತ್ತ ಬಂದಿದ್ದರು. ಸ್ವಂತ ಮೊಮ್ಮಗನಿಗೂ ಹಾಕಿದ್ದರು.

ಇಂಚರಳ ಕಡತದ ಮೇಲೆ ಮಾತ್ರ ಪೆನ್ನು ಓಡಲಿಲ್ಲ. ನಿಯಮವಿಲ್ಲದ ಮಕ್ಕಳು ಆಟಿಕೆ ಎಸೆಯುತ್ತಾರೆ, ಬಸ್ಸು ಓಡಿಸುತ್ತಾರೆ, ಹಸುವನ್ನು ಮಲಗಿಸಿ ಲಾಲಿ ಹಾಡುತ್ತಾರೆ. ಈ ಹುಡುಗಿ ಅರ್ಧ ಗಂಟೆ ಕೂತು ಒಂದೊಂದನ್ನೂ ಮಗುಚಿ ನೋಡಿ, ಮೂಸಿ, ಬೆರಳಲ್ಲಿ ಸವರಿ, ನಾಲ್ಕು ಗುಡ್ಡೆ ಮಾಡಿದ್ದಳು. ಮೂರು ಸಲವೂ ಅದೇ ನಾಲ್ಕು ಗುಡ್ಡೆ. ಒಂದರಲ್ಲಿ ಹಸು, ಬಾಚಣಿಗೆ, ಬಸ್ಸು. ಇನ್ನೊಂದರಲ್ಲಿ ನಾಯಿ, ಚಮಚ, ಬಾಳೆಹಣ್ಣು. ಬಣ್ಣವಲ್ಲ, ಆಕಾರವಲ್ಲ, ಜಾತಿಯಲ್ಲ, ಬಳಕೆಯಲ್ಲ. ಮೂರು ಸಲವೂ ಒಂದು ಮರದ ಬಟ್ಟಲನ್ನು ಮಾತ್ರ ಚಾಪೆಯಿಂದ ಹೊರಗೆ, ನೆಲದ ಮೇಲೆ ಇಟ್ಟಿದ್ದಳು.

"ಸೋಮವಾರ ನಂಜನಗೂಡಿನ ಕಡೆಯವರಿಗೆ ಹೊಂದಿಕೆ ಶುರು," ಎಂದರು ನಿರ್ದೇಶಕ ಫಣೀಂದ್ರ, ಬಾಗಿಲಲ್ಲೇ ನಿಂತು. "ಒಂದು ಕಡತ ಉಳಿದಿದೆಯಂತೆ?"

"ಒಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ ಸರ್."

"ಮೇಡಂ, ನೀವು ಹೋಗಿ ಬಂದ ಮೇಲೆ ಯಾವಾಗ್ಲೂ ನಂಗೆ ಕೆಲಸ ಜಾಸ್ತಿ ಆಗುತ್ತೆ," ಎಂದು ಅವರು ನಕ್ಕರು. ಹಸುವನ್ನು ಹುಲ್ಲಿನ ಜೊತೆ ಇಟ್ಟರೂ ತಪ್ಪಲ್ಲ ಎಂದು ನಕ್ಷೆಗೆ ಸೇರಿಸಲು ಹತ್ತು ವರ್ಷದ ಹಿಂದೆ ವಾರಿಜಾ ಹಟ ಹಿಡಿದಿದ್ದು ಅವರಿಗೆ ನೆನಪಿತ್ತು. ಆದರೂ ರೈಲಿನ ಹೊತ್ತನ್ನು ಅವರೇ ನೋಡಿ ಹೇಳಿದರು.

ನಂಜನಗೂಡಿನ ಮಡಿವಾಳರ ಕೇರಿ ಕಪಿಲೆಯ ದಂಡೆಗೆ ಹತ್ತಿರ. ಹೊಳೆಯಲ್ಲಿ ಒಗೆಯುವುದು ನಿಂತು ವರ್ಷಗಳಾಗಿದ್ದವು. ಈಗ ದಂಡೆಯ ಮೇಲೆ ಸಿಮೆಂಟಿನ ತೊಟ್ಟಿಗಳಿದ್ದವು. ಮನೆಮನೆಯಲ್ಲೂ ಒಗೆಯುವ ಯಂತ್ರವಿದ್ದರೂ ಗಂಜಿ ಹಾಕಬೇಕಾದ ಪಂಚೆ, ಜರಿಯ ಸೀರೆ, ತೊಟ್ಟಿಲ ಬಟ್ಟೆ ಇನ್ನೂ ಇಲ್ಲಿಗೇ ಬರುತ್ತಿದ್ದವು. ವಾರಿಜಾ ಹೋದಾಗ ಮಧ್ಯಾಹ್ನದ ಬಿಸಿಲಿಗೆ ಒಣಗಿದ ಬಟ್ಟೆಯ ರಾಶಿಯ ಮುಂದೆ ಇಂಚರಳ ಅಜ್ಜಿ ಪುಟ್ಟನಿಂಗಮ್ಮ ಕೂತಿದ್ದರು. ತೊಡೆಗೆ ಅಂಟಿಕೊಂಡು ಇಂಚರ. ಸ್ವಲ್ಪ ದೂರದಲ್ಲಿ ಒಂಬತ್ತು ವರ್ಷದ ಅಕ್ಕ ರಂಜಿತಾ ಅಂಗಿ ಮಡಚುತ್ತಿದ್ದಳು. ಅಪ್ಪ ಸಿದ್ದರಾಜು ತೊಟ್ಟಿಯ ಬಳಿ, ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ.

"ಬನ್ನಿ ಮೇಡಮ್ಮೋರೆ, ಬಿಸ್ಲಲ್ಲಿ ಬಂದ್ರಿ. ರಂಜಿ, ನೀರು ಕೊಡವ್ವ," ಎಂದ ಪುಟ್ಟನಿಂಗಮ್ಮ, ಕೂರಲು ಜಾಗ ಮಾಡಿಕೊಡುವಾಗ ಒಗೆದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ನೆಲಕ್ಕೆ ತಮ್ಮ ಮನೆಯದೇ ಒಂದು ಚಾದರ ಹಾಸಿದರು. ಬಂದವರಿಗೆ ಸಂಕೋಚವಾಗಬಾರದು, ಒಗೆದದ್ದೂ ಕೊಳೆಯಾಗಬಾರದು.

ರಾಶಿಯಿಂದ ಅವರು ಒಂದೊಂದೇ ಬಟ್ಟೆ ಎಳೆದು ಕತ್ತಿನ ಒಳಪಟ್ಟಿ ಮಗುಚುತ್ತಿದ್ದರು. ಅಲ್ಲಿ ಕರಿಗೇರು ಕಾಯಿಯ ಮಸಿಯಲ್ಲಿ ಹಾಕಿದ ಗುರುತು. ಮೂರು ಚುಕ್ಕಿ ಒಂದು ಮನೆ, ಎರಡು ಗೆರೆ ಇನ್ನೊಂದು ಮನೆ. ಅಂಗಿ, ಸೀರೆ, ದಿಂಬಿನ ಚೀಲ, ಕೂಸಿನ ಲಂಗೋಟಿ, ಎಲ್ಲ ಸೇರಿ ಒಂದೊಂದು ಮನೆಗೆ ಒಂದೊಂದು ಗಂಟು. ಗಂಟು ಬೆಳೆಯುತ್ತಿದ್ದಂತೆ ಮಾತೂ ಬೆಳೆಯುತ್ತಿತ್ತು.

"ಮೇಷ್ಟ್ರ ಮನೆ ಗಂಟು ಸಣ್ಣದಾಯ್ತು ನೋಡು. ಮಗಳ್ನ ಕೊಟ್ಬುಟ್ರಲ್ಲ. ಇದ್ಯಾರ್ದು ಹೇಳು?"

"ಕೋಣೆ ಮನೆ ಮಾವುಂದು," ಎಂದಳು ಇಂಚರ.

"ಜೇಬು ನೋಡು. ಸುಟ್ಟ ತೂತು! ಬೀಡಿ ಬುಟ್ಬುಟ್ಟೆ ಅಂತ ಎಂಡ್ರ ತಲೆ ಮೇಲೆ ಕೈ ಮಡಗಿ ಆಣೆ ಮಾಡಿದ್ನಂತೆ!"

"ಸುಳ್ಳ!" ಎಂದು ಇಂಚರ ಬಿದ್ದುಬಿದ್ದು ನಕ್ಕಳು. ಅಜ್ಜಿಯೂ ನಕ್ಕರು. ರಂಜಿತಾ ಅಂಗಿ ಮಡಚುತ್ತಲೇ ಇಬ್ಬರ ಮುಖವನ್ನೂ ನೋಡಿದಳು. ಅವಳ ಮುಂದೆ ಅಂಗಿಗಳೆಲ್ಲ ಒಂದು ಕಡೆ, ಸೀರೆಗಳೆಲ್ಲ ಒಂದು ಕಡೆ, ಬಲು ಚೊಕ್ಕವಾಗಿ ಕೂತಿದ್ದವು.

"ಇವ್ಳಿಗೆ ಗಂಟು ಬರಲ್ವ?" ಎಂದು ವಾರಿಜಾ ಮೆಲ್ಲಗೆ ಕೇಳಿದರು.

"ಇಂಚರನಷ್ಟು ಇದ್ದಾಗ ನಲವತ್ತೆರಡು ಮನೆ ಗುರ್ತೂ ಇವ್ಳ ಕೈಲಿತ್ತು. ಕುಲಾವಿ ಹಾಕುಸ್ಕ ಬಂದ್ಮೇಲೆ ಕೈ ಬೇರೆ ಕಡೀಕೇ ಹೋಯ್ತದೆ. ಓದಿ ಹೇಳ್ತಾಳೆ, ಎರಡು ಗೆರೆ ಅಂತ. ಆದ್ರೆ ಅಂಗಿ ಕಂಡ್ರೆ ಅಂಗಿ ತಾವ್ಕೇ ಮಡಗ್ತಾಳೆ." ಮೊಮ್ಮಗಳಿಗೆ ಕೇಳಿಸುತ್ತಿದೆ ಎಂದು ಗೊತ್ತಾದೊಡನೆ ಪುಟ್ಟನಿಂಗಮ್ಮ ದನಿ ಎತ್ತರಿಸಿದರು. "ನಂಗೂ ಹಿಂಗೆ ಗೆರೆ ಕೊಯ್ದಂಗೆ ಮಡಚೋಳು ಒಬ್ಳು ಬೇಕಿತ್ತು ಕಣಿ, ದೇವ್ರು ಕೊಟ್ಟ."

ಐದು ವರ್ಷದ ಹಿಂದೆ ರಂಜಿತಾಳ ಕಡತಕ್ಕೆ ಸಹಿ ಹಾಕಿದವರು ಯಾರೆಂದು ವಾರಿಜಾ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವರು ಅಂಗನವಾಡಿಯಿಂದ ಇಸಿದುಕೊಂಡು ಬಂದಿದ್ದ ಆಟಿಕೆಯ ಚೀಲವನ್ನು ಸುರಿದರು. ಯಾರೂ ಹೇಳುವ ಮೊದಲೇ ಇಂಚರ ಕೆಲಸ ಶುರುಮಾಡಿದಳು. ಅರ್ಧ ಗಂಟೆಯಲ್ಲಿ ಅದೇ ನಾಲ್ಕು ಗುಡ್ಡೆ, ಹೊರಗೊಂದು ಬಟ್ಟಲು.

"ಇವು ಯಾಕೆ ಜೊತೇಲಿ ಇರ್ಬೇಕು, ಪುಟ್ಟಿ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಕೇಳುವುದು ನಿಯಮಕ್ಕೆ ವಿರುದ್ಧವಾಗಿತ್ತು, ಮಗುವಿಗೆ ಸುಳುಹು ಕೊಟ್ಟಂತಾಗುತ್ತದೆ ಎಂದು.

"ಒಂದ್ ಮನೇವು," ಎಂದಳು ಇಂಚರ, ಇದೇನು ಕೇಳುವುದು ಎಂಬಂತೆ. "ಇದು ಕಚ್ಚೋ ಮನೇದು." ಹಸು, ಬಾಚಣಿಗೆ, ಬಸ್ಸು, ಎಲ್ಲದರ ಅಂಚಿನಲ್ಲೂ ಸಣ್ಣ ಹಲ್ಲಿನ ಗುರುತು. "ಇದು ಬಿಸ್ಲಲ್ಲಿ ಒಣಗ್ಸೋ ಮನೇದು." ನಾಯಿ, ಚಮಚ, ಬಾಳೆಹಣ್ಣು ಒಂದೇ ಮಗ್ಗುಲಲ್ಲಿ ಮಾಸಿದ್ದವು. "ಇವ್ರು ಸೀಗೆಪುಡೀಲಿ ತೊಳೀತಾರೆ, ಮೂಸು. ಇವ್ರ ಮನೇಲಿ ಜಾಸ್ತಿ ಮಕ್ಳಿಲ್ಲ, ಎಲ್ಲಾ ಹೊಸಾದು."

"ಬಟ್ಟಲು?"

"ಅದು ಗೊತ್ತಿಲ್ಲ. ಕೇಳ್ಬೇಕು."

"ಗುರ್ತು ಅಳ್ಸೋದ ಬಟ್ಟೆ ಬತ್ತವಲ್ಲ ಮೇಡಮ್ಮೋರೆ, ಅಂದಾಜಲ್ಲಿ ಯಾರ ಗಂಟ್ಗೂ ಸೇರ್ಸಂಗಿಲ್ಲ," ಎಂದರು ಪುಟ್ಟನಿಂಗಮ್ಮ. ಗೋಡೆಯ ಗೂಟದಲ್ಲಿ ಒಂದು ಟವಲು, ಒಂದು ಕೂಸಿನ ಅಂಗಿ ನೇತಾಡುತ್ತಿದ್ದವು. "ಅಲ್ಲಿ ನೇತಾಕಿ, ಮನೆಮನೇಲೂ ನಿಮ್ದಾ ನಿಮ್ದಾ ಅಂತ ಕೇಳ್ಬೇಕು. ಒಂದೊಂದ್ಸಲ ವರ್ಸ ಆಯ್ತದೆ."

ಮರುದಿನ ಬೆಳಿಗ್ಗೆ ವಾರಿಜಾ ಹಳೆಯ ದಾಖಲೆ ತೆಗೆಸಿದರು. ಆ ಅಂಗನವಾಡಿಯ ಆಟಿಕೆಗಳು ಹೊಸವಲ್ಲ. ಮಕ್ಕಳು ಕಡಿಮೆಯಾಗಿ ಮುಚ್ಚಿಹೋದ ನಾಲ್ಕು ಅಂಗನವಾಡಿಗಳಿಂದ ಕಳೆದುಳಿದವನ್ನು ಕೂಡಿಸಿ ಮಾಡಿದ ಒಂದು ಪೆಟ್ಟಿಗೆ. ಆಟಿಕೆಯ ಹೊಟ್ಟೆಯೊಳಗಿನ ಸಂಖ್ಯೆಯನ್ನು ಯಂತ್ರ ಮಾತ್ರ ಓದಬಲ್ಲದು. ಓದಿಸಿದರು. ಇಂಚರಳ ಒಂದೊಂದು ಗುಡ್ಡೆಯೂ ಒಂದೊಂದು ಅಂಗನವಾಡಿಯದು, ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತೂ ಸರಿ. ಬಟ್ಟಲಿಗೆ ಸಂಖ್ಯೆಯೇ ಇರಲಿಲ್ಲ. ಯಾರೋ ಟೀಚರ್, ಕಳೆದುಹೋದ ಒಂದರ ಬದಲಿಗೆ ತಮ್ಮ ಮನೆಯದನ್ನೇ ತಂದು ಹಾಕಿರಬೇಕು.

ಫಣೀಂದ್ರ ಬಹಳ ಹೊತ್ತು ಪರದೆ ನೋಡಿದರು. ಅವರ ಕಣ್ಣಿನಲ್ಲಿ ಮೆಚ್ಚುಗೆಯಿತ್ತು.

"ಅದ್ಭುತ ಮೇಡಂ. ಇಷ್ಟು ಚುರುಕಾದ ಮಗುವಿಗೆ ಹೊಂದಿಕೆ ಏಳೇ ದಿನಕ್ಕೆ ಆಗಿಬಿಡುತ್ತೆ."

"ಆದರೆ ಇದು ಹೋಗಿಬಿಡುತ್ತೆ ಸರ್. ಹೋಗಿದ್ದನ್ನ ನೋಡಿ ಬಂದಿದೀನಿ, ಅವಳ ಅಕ್ಕನ ಕೈಯಲ್ಲಿ. ನಮ್ಮ ಯಂತ್ರಕ್ಕೆ ಎಲ್ಲವನ್ನೂ ಯಾವುದಾದ್ರೂ ಗುಂಪಿಗೆ ಹಾಕಲೇಬೇಕು. ಗೊತ್ತಿಲ್ಲ, ಕೇಳ್ಬೇಕು ಅನ್ನೋ ಜಾಗ ನಾವು ಇಟ್ಟೇ ಇಲ್ಲ."

"ಇಡೋಣ. ಅರ್ಜಿ ಹಾಕಿ. ನಾಲ್ಕು ವರ್ಷ ಹಿಡಿಯುತ್ತೆ. ಅಷ್ಟರಲ್ಲಿ ಆ ಮಗು ಎಲ್ಲಿರುತ್ತೆ?" ಅವರ ದನಿ ಕಠಿಣವಾಗಿರಲಿಲ್ಲ. "ನಿಧಾನ ಕೊಠಡಿಯಲ್ಲಿ. ಹೊಂದಿಕೆಯಿಲ್ಲದ ಮಗು ಯಂತ್ರದ ಮುಂದೆ ಪದೇಪದೇ ತಪ್ಪಿದರೆ ಅಲ್ಲಿಗೆ ಕಳಿಸ್ತಾರೆ. ಅಲ್ಲಿಂದ ಹೊರಗೆ ಬಂದ ಮಕ್ಕಳೆಷ್ಟು, ನಿಮಗೂ ಗೊತ್ತು."

ಗೊತ್ತಿತ್ತು. ಕೈಯಲ್ಲಿದ್ದ ಪೆನ್ನನ್ನು ವಾರಿಜಾ ಮೇಜಿನ ಮೇಲಿಟ್ಟರು. "ಬೇಡ ಅನ್ನೋ ಹಕ್ಕು ತಂದೆತಾಯಿಗಿದೆಯಲ್ಲ. ಅವರಿಗೆ ಎಲ್ಲವನ್ನೂ ಹೇಳಿ ಬರ್ತೀನಿ."

ಸಿದ್ದರಾಜು ಎಲ್ಲವನ್ನೂ ನಿಂತುಕೊಂಡೇ ಕೇಳಿಸಿಕೊಂಡ. ಮೂವತ್ತೈದರ ಗಂಡಸು. ಕೈಯ ಬೆರಳುಗಳು ನೀರಿನಲ್ಲಿ ಸುಕ್ಕುಗಟ್ಟಿದ್ದವು.

"ಒಂದ್ ಮಾತ್ ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ನಿಮ್ ಮೊಮ್ಮಕ್ಳಿಗೆ ಇದ ಮಾಡ್ಸಿದೀರಾ?"

"ಮಾಡ್ಸಿದೀನಿ. ಒಬ್ಬ ಮೊಮ್ಮಗ."

"ಚೆನ್ನಾಗವ್ನಾ?"

"ಚೆನ್ನಾಗಿದಾನೆ. ಮುಂದಿದಾನೆ."

"ಮತ್ತೆ ನನ್ ಮಗ್ಳಿಗೆ ಯಾಕ್ ಬೇಡಾ ಅಂತೀರಿ?" ಅವನ ದನಿ ಏರಲಿಲ್ಲ, ಇಳಿಯಿತು. "ಯಂತ್ರ ಬಂದ ಮೊದಲ್ನೇ ವರ್ಸದ ಹೈಕ ನಾನು. ಕುಲಾವಿ ಇರ್ನಿಲ್ಲ ಆಗ. ಐದು ವರ್ಸ ನಿಧಾನ ಕೊಠಡೀಲಿ ಕೂತಿವ್ನಿ. ಮಣಿ ಪೋಣ್ಸೋದು, ಬಿಚ್ಚೋದು, ಮತ್ತೆ ಪೋಣ್ಸೋದು. ನಂಗೆ ಬುದ್ಧಿ ಇಲ್ಲಾ ಅಂತ್ಲೇ ನಂಬ್ಕಂಡಿದ್ದೆ ಮೇಡಮ್ಮೋರೆ. ಇವತ್ತು ನೀವ್ ಬಂದು, ಅದೂ ಒಂದು ಬುದ್ಧಿ ಅಂತೀರಿ. ಇಂಚರ ಗಂಟು ಕಟ್ಕೊಂಡು ನಗ್ತಾ ಇರ್ಲಿ, ನೀವು ನೋಡಿ ಸಂತೋಸ ಪಡೋಕೆ. ಅಲ್ವಾ?"

"ನೀವು ಹೇಳೋದು ಸರಿ," ಎಂದರು ವಾರಿಜಾ. "ರಂಜಿತಾಗೆ ಸಹಿ ಹಾಕಿದ್ದು ನಾನೇ. ಆವತ್ತು ಏನು ಹೋಗುತ್ತೆ ಅಂತ ನಿಮಗೆ ಹೇಳಿರಲಿಲ್ಲ. ನಂಗೂ ಗೊತ್ತಿರಲಿಲ್ಲ. ಈ ಸಲ ಹೇಳದೆ ಹಾಕಬಾರದು ಅಂತ ಬಂದೆ, ಅಷ್ಟೆ. ಹಾಕಿ ಅಂದ್ರೆ ಹಾಕ್ತೀನಿ."

ಸಿದ್ದರಾಜು ಮುಖ ತಿರುಗಿಸಿ ತೊಟ್ಟಿಯ ಕಡೆ ನೋಡಿದ. ಒಳಗಿನಿಂದ ಪುಟ್ಟನಿಂಗಮ್ಮ ತಂದಿಟ್ಟ ಕಾಫಿಗೆ ಕೆನೆ ಕಟ್ಟುತ್ತಿತ್ತು. ಆಗ ರಂಜಿತಾ, ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, "ಅಪ್ಪಾ," ಎಂದಳು.

"ಏನವ್ವ?"

"ಅವ್ಳಿಗೆ ಬೇಡ."

"ನಿಂಗೇನ್ ಕಮ್ಮಿ ಆಗದೆ? ಕ್ಲಾಸ್ಗೇ ಮೊದ್ಲು ಬಂದೆ."

"ಕಮ್ಮಿ ಏನಿಲ್ಲ." ಹುಡುಗಿ ಮಾತಿಗಾಗಿ ಹುಡುಕಿದಳು. "ಅಜ್ಜಿ ಗಂಟು ಕಟ್ತಾ ನಗ್ತದಲ್ಲ. ಮೊದ್ಲು ನಾನೂ ನಗ್ತಿದ್ನಂತೆ. ಈಗ ಯಾಕ್ ನಗ್ತಾರೆ ಅಂತ ಗೊತ್ತಾಗಲ್ಲ. ಗೊತ್ತಾಗಲಿ ಅಂತ ನೋಡ್ತಾ ಇರ್ತೀನಿ. ನಂಗೆ ಅಂಗಿ ಅಷ್ಟೇ ಕಾಣ್ಸೋದು. ಇಂಚರನೂ ನನ್ ಥರಾ ಆಗೋದ್ರೆ ಅಜ್ಜಿ ಯಾರ್ ಜೊತೆ ನಗ್ತದೆ?"

ಪುಟ್ಟನಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಯಂತ್ರ ಏನ್ ಕೇಳ್ತದೆ ಅಂತ ನಂಗೊತ್ತು," ಎಂದಳು ರಂಜಿತಾ, ಈಗ ವಾರಿಜಾ ಅವರ ಕಡೆ ತಿರುಗಿ. "ನಾನು ಪಕ್ಕದಲ್ಲಿ ಕೂತ್ಕೊಂಡು ಅವ್ಳಿಗೆ ಹೇಳ್ಕೊಡ್ಬೋದಾ? ನಮ್ ಶಾಲೇಲಿ ಕಿವಿ ಕೇಳ್ಸದ ಮಾದೇಶನ ಪಕ್ಕ ಅವ್ನ ಅತ್ತೆ ಕೂತ್ಕೋತಾರೆ."

ನಿಯಮದಲ್ಲಿ ಅಂಥ ಒಂದು ಕಲಮಿತ್ತು. ಮಗುವಿಗೂ ಯಂತ್ರಕ್ಕೂ ನಡುವೆ ಮಾತು ದಾಟಿಸಲು ಒಬ್ಬ ಜೊತೆಗಾರ. ಜೊತೆಗಾರನ ವಯಸ್ಸು ಇಷ್ಟೇ ಇರಬೇಕೆಂದು ಯಾರೂ ಬರೆದಿರಲಿಲ್ಲ. ಹದಿನೆಂಟು ವರ್ಷ ಆ ನಿಯಮಗಳ ಜೊತೆಗೇ ಬದುಕಿದ ವಾರಿಜಾ ಅವರಿಗೆ ಇದು ಹೊಳೆದಿರಲಿಲ್ಲ.

"ನಿನ್ನ ಪಾಠ?" ಎಂದು ಕೇಳಿದರು.

"ಬೆಳಿಗ್ಗೆ ಒಂದ್ ಗಂಟೆ. ನನ್ದು ಆಮೇಲೆ ಮಾಡ್ಕೋತೀನಿ. ನಾನು ಬೇಗ ಮಾಡ್ತೀನಿ," ಎಂದಳು ರಂಜಿತಾ, ಜಂಬವಿಲ್ಲದೆ.

ಸಿದ್ದರಾಜು ಹಿರಿಯ ಮಗಳನ್ನು ನೋಡಿದ ನೋಟವನ್ನು ವಾರಿಜಾ ಮುಂದೆ ಬಹಳ ದಿನ ಮರೆಯಲಿಲ್ಲ. ಮಗಳಿಂದ ಏನನ್ನೋ ಕಸಿದುಕೊಂಡಿದ್ದೇನೆ, ಅದನ್ನೇ ಅವಳು ತಂಗಿಗೆ ಉಳಿಸಲು ಕೇಳುತ್ತಿದ್ದಾಳೆ ಎಂದು ಅವನಿಗೆ ತಿಳಿದಂತಿತ್ತು. ಅವನು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

"ಒಂದ್ ವರ್ಸ," ಎಂದ. "ಒಂದೇ ವರ್ಸ ಮೇಡಮ್ಮೋರೆ. ಅಷ್ಟ್ರಲ್ಲಿ ನಿಧಾನ ಕೊಠಡಿ ಬಾಗ್ಲು ತುಳುದ್ಲೋ, ನಾನೇ ಎತ್ಕೊಂಡು ಬಂದು ಕುಲಾವಿ ಹಾಕುಸ್ತೀನಿ. ಆಗ ನೀವು ಅಡ್ಡ ಬರಂಗಿಲ್ಲ."

"ಬರಲ್ಲ," ಎಂದರು ವಾರಿಜಾ.

ಹೊಂದಿಕೆ ಸದ್ಯಕ್ಕೆ ಬೇಡ, ಜೊತೆಗಾರ ಬೇಕು ಎಂದು ಅವರು ಬರೆದ ಕಡತವನ್ನು ಫಣೀಂದ್ರ ಎರಡು ಸಲ ಓದಿದರು. "ಇದು ನಿಮ್ಮ ಹೆಸರಿನ ಮೇಲೇ ಇರುತ್ತೆ, ತಪ್ಪಾದ್ರೆ," ಎಂದರು. ಆಮೇಲೆ, ವಾರಿಜಾ ಕೇಳದೆಯೇ, ಇಂಚರಳ ಶಾಲೆಯ ಪರದೆಯನ್ನು ಅವರ ಮೇಜಿನ ಎದುರಿಗೇ ಹಾಕಿಸಿಕೊಟ್ಟರು.

ಜೂನ್ ಬಂತು. ಶಾಲೆ ಶುರುವಾದ ಮೂರನೆಯ ದಿನ ಪರದೆಯಲ್ಲಿ ಅಕ್ಕ ತಂಗಿ ಒಂದೇ ಮಣೆಯ ಮೇಲೆ ಒತ್ತಿಕೊಂಡು ಕೂತಿದ್ದರು. ಯಂತ್ರ ನಾಲ್ಕು ಚಿತ್ರ ತೋರಿಸಿತು. ಛತ್ರಿ, ಊರುಗೋಲು, ಕ್ರಿಕೆಟ್ ಬ್ಯಾಟು, ಬಾಳೆಹಣ್ಣು. ಇವುಗಳಲ್ಲಿ ಸೇರದ್ದು ಯಾವುದು?

ಇಂಚರ ಬ್ಯಾಟಿನ ಮೇಲೆ ಬೆರಳಿಟ್ಟಳು. ಕೆಂಪು. ಯಂತ್ರ ಮತ್ತೆ ಕೇಳಿತು. ಮತ್ತೆ ಬ್ಯಾಟು. ಮತ್ತೆ ಕೆಂಪು. ಆ ದಿನದ ತಪ್ಪು ಆಗಲೇ ಒಂಬತ್ತಾಗಿತ್ತು. ಹನ್ನೆರಡಾದರೆ ಶಾಲೆಯವರಿಗೆ ಸೂಚನೆ ಹೋಗುತ್ತದೆ. ವಾರಿಜಾ ಕುರ್ಚಿಯ ತುದಿಗೆ ಬಂದಿದ್ದರು.

ರಂಜಿತಾ ತಂಗಿಯ ಕೈಯನ್ನು ಹಿಡಿದು ತಡೆದಳು. "ತಡಿ. ಯಾಕೆ ಬ್ಯಾಟು?"

"ಇವು ತಾತುನ್ ಮನೇವು," ಎಂದಳು ಇಂಚರ, ಉಳಿದ ಮೂರರ ಮೇಲೂ ಕೈಯಾಡಿಸಿ. "ತಾತ ಛತ್ರಿ ಹಿಡ್ಕತದೆ, ಕೋಲು ಊರ್ಕತದೆ. ಬ್ಯಾಟ್ ಆಡಕ್ಕಾಗಲ್ಲ."

"ಬಾಳೆಹಣ್ಣು?"

"ಹಲ್ಲಿಲ್ವಲ್ಲ ಅದುಕ್ಕೆ!"

ರಂಜಿತಾ ಚಿತ್ರಗಳನ್ನು ನೋಡಿದಳು. ಒಂದು ಗಳಿಗೆ ಅವಳ ಹುಬ್ಬು ಗಂಟಿಕ್ಕಿಯೇ ಇತ್ತು. ಆಮೇಲೆ ಮೊದಲು ಕಣ್ಣಿನಲ್ಲಿ, ನಂತರ ತುಟಿಯಲ್ಲಿ ಏನೋ ಸಡಿಲವಾಯಿತು. ಛತ್ರಿ ಮಡಚಿ ಕಂಕುಳಲ್ಲಿಟ್ಟು, ಕೋಲು ಊರಿ, ಬೊಚ್ಚುಬಾಯಲ್ಲಿ ಬಾಳೆಹಣ್ಣು ಮೆಲ್ಲುತ್ತ ಬರುವ ಒಬ್ಬ ಮುದುಕ ಅವಳಿಗೆ ಕಂಡಿರಬೇಕು. ಅವಳು ಫಕ್ಕನೆ ನಕ್ಕಳು. ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕ ನಕ್ಕಿದ್ದು ನೋಡಿ ತಂಗಿಯೂ ನಕ್ಕಳು. ಉತ್ತರ ಸಿಗದ ಯಂತ್ರ ಅವರ ಮುಂದೆ ಸುಮ್ಮನೆ ಕಾಯುತ್ತಿತ್ತು.

ಕಣ್ಣೊರೆಸಿಕೊಂಡು ರಂಜಿತಾ ಇಂಚರಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ನಿಂದು ಗೊತ್ತಾಯ್ತು ನಂಗೆ. ಈಗ ಈ ಯಂತ್ರ ಹೆಂಗೆ ಗಂಟು ಕಟ್ತದೆ ಅಂತ ಹೇಳ್ತೀನಿ, ಕೇಳು."

"ಹೂಂ," ಎಂದಳು ಇಂಚರ. "ಹೇಳು."